ಮೆಟ್ಟಿಲ ಮೇಲಿನ ಗುರುತು

ರಸ್ತೆ ಕಟ್ಟುವ ಎಂಜಿನಿಯರಮ್ಮನ ಕಚೇರಿ ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತು. ಊಟದ ಡಬ್ಬಿ ತಂದ ತಾಯಿ ಭುಜ ಕೊಟ್ಟು ನೂಕಿದರೂ ಮಿಸುಕಲಿಲ್ಲ.

"ಹೋದ್ಸಲ ಸಲೀಸಾಗಿತ್ತಲ್ಲೇ. ನಾನು ದಪ್ಪ ಆದ್ನೋ, ಬಾಗಿಲು ಸಣ್ಣ ಆಯ್ತೋ?"

"ಓರೆಯಾಗಿ ಬಾಮ್ಮ. ಇವತ್ತು ನನ್ನ ಮೂಡು ಕೆಡಿಸ್ಬೇಡ, ಗೆದ್ದಿದ್ದೀನಿ."

ಗೆದ್ದದ್ದು ಮಣ್ಣನ್ನು. ಮೆತ್ತನೆಯ ಜೌಗು ನೆಲ. ಹಾಗೇ ಡಾಂಬರು ಹಾಕಿದರೆ ರಸ್ತೆ ಹಳೇ ಹಾಸಿಗೆಯಂತೆ ಹಳ್ಳ ಬೀಳುತ್ತದೆ. ಅದಕ್ಕೇ ರಸ್ತೆಯುದ್ದಕ್ಕೂ ಮಣ್ಣಿನ ಗುಡ್ಡೆ ಹೇರಿ, ಆ ಭಾರಕ್ಕೆ ನೆಲ ಕುಗ್ಗುವಷ್ಟು ಕುಗ್ಗಲಿ ಎಂದು ಕಾಯುತ್ತಿದ್ದಳು. ಕೂಲಿಯವರು ಅವಳಿಗೆ 'ಗುಡ್ಡೆಮ್ಮ' ಎಂದೇ ಹೆಸರಿಟ್ಟಿದ್ದರು. ಕೊನೆಗೂ ಒಂದು ತಿಂಗಳಿಂದ ಅಲ್ಲಿ ನೆಟ್ಟ ಅಳತೆಗೋಲು ಕೂದಲೆಳೆಯಷ್ಟೂ ಇಳಿದಿರಲಿಲ್ಲ. "ಮಣ್ಣು ನನ್ನ ಮಾತು ಕೇಳ್ತು ಸಾರ್" ಎಂದು ನಿನ್ನೆ ಮೇಲಧಿಕಾರಿಗೆ ಫೋನಿನಲ್ಲಿ ಬೀಗಿದ್ದಳು. ನಾಳೆ ಗುಡ್ಡೆ ತೆಗೆಯುವ ಯಂತ್ರಗಳು ಬರಲಿದ್ದವು.

"ಮನೇಲಿ ಬೆಕ್ಕೇ ನಿನ್ನ ಮಾತು ಕೇಳಲ್ಲ, ಮಣ್ಣು ಕೇಳ್ತಾ?" ಎನ್ನುತ್ತ ತಾಯಿ ಮೇಜಿನ ಮೇಲೆ ಡಬ್ಬಿ ಬಿಚ್ಚಿದರು. ದುಂಡು ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು; ಬಿದ್ದದ್ದು ನಿಲ್ಲದೆ ಉರುಳುತ್ತ ಹೋಗಿ ಹೊರಗಿನ ಗುಡ್ಡೆಯ ಕಡೆಗಿದ್ದ ಗೋಡೆಗೆ ಬಡಿಯಿತು. "ನೋಡು, ಮುಚ್ಚಳಕ್ಕೂ ಗುಡ್ಡೆ ನೋಡೋ ಆಸೆ."

ಅನ್ನಕ್ಕೆ ಕೈ ಹಾಕಿದ್ದ ಮಗಳು ಮುಚ್ಚಳ ಉರುಳಿದ ದಾರಿಯನ್ನೇ ನೋಡಿದಳು. ಮೊದಲು ಅಳತೆಗೋಲು ಎಷ್ಟು ಇಳಿಯಿತೆಂದು ಅಳೆಯುತ್ತಿದ್ದದ್ದು ಜೌಗಿನಾಚೆಯ ಬಂಡೆಯ ಮೇಲೆ ಹಾಕಿದ್ದ ಗುರುತಿನಿಂದ. ಬಿಸಿಲಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆಂದು ಹೋದ ತಿಂಗಳು ಆ ಗುರುತನ್ನು ಇದೇ ಕಚೇರಿಯ ಮೆಟ್ಟಿಲಿಗೆ ತಂದವಳು ತಾನೇ. ಕಚೇರಿಯೋ, ಗುಡ್ಡೆಯ ಬುಡದ ಅದೇ ಮೆತ್ತನೆ ನೆಲದ ಮೇಲೆ ಕೂತಿತ್ತು. 'ಅಲುಗದ ಜಾಗದಿಂದ ಅಳೀರಿ' ಎಂದು ಕಿರಿಯರ ತಲೆ ತಿಂದವಳೂ ತಾನೇ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿದ್ದಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ರಸ್ತೆ ಕುಸಿಯುವ ಹೊತ್ತಿಗೆ ಅವಳಿಗೆ ವರ್ಗವಾಗಿರುತ್ತದೆ. ಬೈಗುಳ ಬೇರೆಯವರ ಪಾಲು. ಅವಳು ಕೈ ತೊಳೆದು ಫೋನೆತ್ತಿದಳು.

"ಯಂತ್ರ ಕಳಿಸ್ಬೇಡಿ ಸಾರ್. ಗುಡ್ಡೆ ಇನ್ನೂ ಇರ್ಲಿ."

"ನೆಲ ಇಳಿಯೋದು ನಿಂತಿದೆ ಅಂದ್ರಲ್ಲಮ್ಮ ನಿನ್ನೆ?"

"ನಿಂತಿರ್ಲಿಲ್ಲ ಸಾರ್. ಅದರ ಜೊತೆ ನಾನೂ ಇಳೀತಾ ಇದ್ದೆ. ಅದಕ್ಕೇ ನಿಂತ ಹಾಗೆ ಕಾಣ್ತು."