ನೆಟ್ಟಗೆ ನಿಂತವನು

ಸ್ಟುಡಿಯೊ ಗೇಟಿನೊಳಗೆ ಮಿಲಿಟರಿ ಜೀಪು ನುಗ್ಗಿದ್ದನ್ನು ಕಂಡು ಬಂದೂಕಿನವನ ಕುಂಚ ಅರ್ಧಕ್ಕೇ ನಿಂತಿತು. ಅವನ ಕಣ್ಣು ನೇರ ಹೋದದ್ದು ಲಂಬೂನ ಮೇಲೆ.

ಬಂದೂಕಿನವನೆಂದರೆ ಟಿವಿಯ ಹಾಸ್ಯ ಧಾರಾವಾಹಿಗೆ ಮರದ ಬಂದೂಕು ಮಾಡಿಕೊಡುವವನು. ಗಡಿಯಲ್ಲಿ ನಿಜವಾದ ಯುದ್ಧ. ಇಲ್ಲಿ ಅದನ್ನೇ ನೋಡಿ ಜನ ನಗಬೇಕಿತ್ತು. ಒಂದು ತುಕಡಿ ದಡ್ಡ ಸಿಪಾಯಿಗಳು. ಬಂದೂಕನ್ನು ತಲೆಕೆಳಗಾಗಿ ಹಿಡಿಯುವುದು, ಅದರಲ್ಲೇ ಬೆನ್ನು ಕೆರೆದುಕೊಳ್ಳುವುದು ಅವರ ಕೆಲಸ. ಲಂಬು ಆ ತುಕಡಿಯಲ್ಲಿ ಮಾತಿಲ್ಲದ ಪಾತ್ರದವನು. ಸೇರಿ ಐದು ತಿಂಗಳಾಗಿತ್ತು. ಸ್ಟುಡಿಯೊದ ಊಟದಲ್ಲಿ ಅರ್ಧ ತಿಂದು ಅರ್ಧ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಹೆಂಡತಿಗೆ ಎಂಟು ತಿಂಗಳು.

"ಗುರುವೇ, ಯಾರೋ ದೊಡ್ಡ ಸಾಹೇಬ್ರು ಬಂದಂಗಿದೆ," ಎಂದು ಲಂಬು ಕೈ ಚಾಚಿದ. "ಕೊಡು ನನ್ನ ಫಿರಂಗಿ."

"ಇವತ್ತು ಎಲ್ಲರ ಹಾಗೆ ಪೆದ್ದುಪೆದ್ದಾಗಿ ಹಿಡ್ಕೋ. ಗೊತ್ತಾಯ್ತಾ?"

"ಯಾಕೆ, ಹೊಟ್ಟೆಕಿಚ್ಚಾ?"

"ಹೇಳಿದಷ್ಟು ಮಾಡಪ್ಪಾ."

ಸೈನ್ಯ ಬಿಟ್ಟು ಓಡಿಬಂದವನೊಬ್ಬ ಹೆಸರು ಬದಲಿಸಿಕೊಂಡು ಈ ಸ್ಟುಡಿಯೊ ಸೇರಿದ್ದಾನೆಂದು ಜೀಪಿನಲ್ಲಿ ಬಂದ ಅಧಿಕಾರಿಗೆ ಸುದ್ದಿ ಸಿಕ್ಕಿತ್ತು. ಅವನ ಕಡತ ಬಾಂಬಿಗೆ ಸುಟ್ಟುಹೋಗಿತ್ತು, ಫೋಟೊ ಇರಲಿಲ್ಲ. ಸಿಕ್ಕರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವುದೇ.

"ಫೋಟೊ ಯಾಕ್ರೀ ಬೇಕು? ಕಲಿತದ್ದನ್ನ ಮೈ ಮರೆಯಲ್ಲ," ಎಂದ ಅಧಿಕಾರಿ. ನಟರನ್ನು ಸಾಲಾಗಿ ನಿಲ್ಲಿಸಿ, ತಟ್ಟನೆ ಕವಾಯತಿನ ಆಜ್ಞೆ ಕೂಗಿದ.

ಹತ್ತು ಜನ ಹತ್ತು ದಿಕ್ಕಿಗೆ ತಿರುಗಿದರು. ಒಬ್ಬನ ಬಂದೂಕು ಇನ್ನೊಬ್ಬನ ಟೋಪಿ ಉರುಳಿಸಿತು. ಹನ್ನೊಂದನೆಯವನು ಹಿಮ್ಮಡಿ ಜೋಡಿಸಿ, ಟಕ್ ಟಕ್ ಟಕ್ ಎಂದು ಮೂರೇ ಏಟಿಗೆ ಬಂದೂಕನ್ನು ಹೆಗಲಿಗೇರಿಸಿ ಕಂಬದಂತೆ ನಿಂತ.

ಲಂಬು.

ಬಂದೂಕಿನವನು ಕಣ್ಣು ಮುಚ್ಚಿಕೊಂಡ.

ಇಬ್ಬರು ಬಂದು ಲಂಬೂನ ರಟ್ಟೆ ಹಿಡಿದರು. "ನಾನು ಸಿಪಾಯಿ ಅಲ್ಲ ಸಾರ್! ಮಾತಿರೋ ಪಾತ್ರ ಸಿಗಲಿ ಅಂತ ಕಲಿತಿದ್ದು. ಇವನೇ ಕಲಿಸಿದ್ದು. ಗುರುವೇ, ಹೇಳು!"

ಎಲ್ಲರೂ ತಿರುಗಿ ನೋಡಿದರು. ಅಧಿಕಾರಿ ಆ ಬಂದೂಕನ್ನು ಕಿತ್ತು ಬಂದೂಕಿನವನ ಕೈಗೆ ತುರುಕಿದ. ಅದೇ ಆಜ್ಞೆ, ಇನ್ನೂ ಜೋರಾಗಿ.

ಬಂದೂಕಿನವನು ಬೆಚ್ಚಿಬಿದ್ದ. ಹಿಂದುಮುಂದಾಗಿ ಎತ್ತಿದ. ನಳಿಗೆ ಅವನದೇ ಮೂಗಿಗೆ ಬಡಿಯಿತು. ಸೆಟ್ಟಿಗೆ ಸೆಟ್ಟೇ ನಕ್ಕಿತು.

"ಅಯ್ಯೋ, ಇವನನ್ನೇ ಸಿಪಾಯಿ ಮಾಡಬೇಕಿತ್ತಲ್ಲಯ್ಯಾ!" ಎಂದು ನಿರ್ದೇಶಕರು ತೊಡೆ ತಟ್ಟಿದರು.

"ಬಣ್ಣ ಬಳಿಯೋನು ಸ್ವಾಮಿ ನಾನು," ಎಂದ ಬಂದೂಕಿನವನು, ಮೂಗಿನ ರಕ್ತ ಒರೆಸಿಕೊಳ್ಳುತ್ತ. "ನಂಗೇನು ಗೊತ್ತು ಅದೆಲ್ಲ?"

ಲಂಬು ಬಾಯಿ ತೆರೆದು ಅವನನ್ನೇ ನೋಡಿದ. ಬೈಯಲಿಲ್ಲ. ಜೀಪು ಹತ್ತಿಸುವಾಗ ಒಂದೇ ಮಾತು ಹೇಳಿದ: "ನಮ್ಮವಳಿಗೆ ಈಗಲೇ ಹೇಳ್ಬೇಡ ಗುರುವೇ."

ಜೀಪು ಹೋಯಿತು. ದೀಪಗಳು ಮತ್ತೆ ಹತ್ತಿದವು. ಹತ್ತು ಜನರ ತುಕಡಿಗೇ ದೃಶ್ಯ ಹೊಂದಿಸಿಕೊಂಡರು.

ಓಡಿಬರುವ ಮುನ್ನ ಏಳು ವರ್ಷ ಹೊಸ ಸಿಪಾಯಿಗಳಿಗೆ ಕವಾಯತು ಕಲಿಸಿದ್ದ ಬಂದೂಕಿನವನು, ಬಂದೂಕನ್ನು ತಪ್ಪಾಗಿ ಹಿಡಿದದ್ದು ಅದೇ ಮೊದಲು.