ಮೂಗಿಗೆ ಬಾರದ ವೈನು

ಮೂರನೇ ಗ್ಲಾಸಿಗೆ ಮೂಗಿಟ್ಟರೂ ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಅಣ್ಣನ ಅಂಗಡಿಗೆ ಚಳಿಗಾಲದ ರಜೆಯ ಹೊತ್ತಿಗೆ ಬೇಕಾದ ಫ್ರೆಂಚ್ ಕೆಂಪು ವೈನುಗಳನ್ನು ಪ್ರತಿವರ್ಷ ರುಚಿ ನೋಡಿ ಆರಿಸುವವಳು ಅವಳೇ. ನೆಗಡಿಯೇನೂ ಇರಲಿಲ್ಲ. ಮರೆವಿನ ಕಾಯಿಲೆಯಲ್ಲಿ ಕೊನೆಗೆ ಮಕ್ಕಳ ಗುರುತನ್ನೇ ಮರೆತ ಅಪ್ಪನಿಗೂ ಎಲ್ಲಕ್ಕಿಂತ ಮೊದಲು ಹೋದದ್ದು ವಾಸನೆ ತಿಳಿಯುವ ಶಕ್ತಿಯೇ.

"ಹೇಗಿದೆ?" ಎಂದ ಅಣ್ಣ, ಎದುರು ಕೂತು ತನ್ನ ಗ್ಲಾಸನ್ನು ತಿರುಗಿಸುತ್ತ.

ಚೆನ್ನಾಗಿದೆ ಎನ್ನಲು ಹೋದವಳು ಮಾತು ಬದಲಿಸಿದಳು. "ಅಣ್ಣಾ, ನನಗೆ ವಾಸನೆಯೇ ಗೊತ್ತಾಗ್ತಿಲ್ಲ ಕಣೋ."

ಹುಚ್ಚಿ, ಸುಮ್ಮನೆ ಹೆದರಬೇಡ ಎಂದು ಅವನು ಗದರಲಿ ಎಂದು ಕಾದಳು. ಅವನು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಮುಖ ಬಿಳಿಚಿಕೊಂಡಿತ್ತು.

"ನನಗೆ ಬೇಸಿಗೆಯಿಂದಲೇ ವಾಸನೆ ಗೊತ್ತಾಗ್ತಿಲ್ಲ. ನಿನಗಾದ್ರೂ ಇದೆಯಲ್ಲ ಅಂತ ಧೈರ್ಯವಾಗಿದ್ದೆ" ಎಂದ.