ಪುಟ್ಟ ಕೈಗೊಂದು ಬ್ಯಾಟರಿ

"ಮಗೀಗೆ ಒಂದು ಬ್ಯಾಟ್ರಿ ತೋರ್ಸಪ್ಪ. ಅಗೂರಾಗಿರ್ಬೇಕು, ಬೆಳಕು ಮಾತ್ರ ದೂರಕ್ಕೆ ಓಗ್ಬೇಕು," ಎಂದ ಚಲುವರಾಜು. ಮದ್ದೂರಿನ ಪೇಟೆ ಬೀದಿಯ ಕರೆಂಟು ಸಾಮಾನಿನ ಅಂಗಡಿ. ಮಗಳು ಲಿಖಿತಳಿಗೆ ಅವತ್ತಿಗೆ ಆರು ತುಂಬಿತ್ತು. ಅಪ್ಪ ಬ್ಯಾಟರಿ ಕೊಡಿಸುತ್ತಾನೆಂದು ಕೊಪ್ಪದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

ಹುಟ್ಟುಹಬ್ಬವಂತೆ, ಉಡುಗೊರೆಯಂತೆ! ಪಕ್ಕದಲ್ಲಿ ನಿಂತಿದ್ದ ಹೆಂಡತಿ ರಂಜಿತ ಒಳಗೊಳಗೇ ಸಿಡುಕಿದಳು. ಆರು ವರ್ಷದ ಕೂಸಿಗೆ ದೂರಕ್ಕೆ ಹೋಗುವ ಬೆಳಕು ಯಾತಕ್ಕೆ ಅನ್ನುವುದು ಗಂಡ ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ಗೊತ್ತು. ಕಬ್ಬಿಗೆ ನೀರು ಕಟ್ಟಬೇಕು, ಮೋಟರಿಗೆ ಕರೆಂಟು ಕೊಡುವುದು ರಾತ್ರಿ ಹೊತ್ತು. ಸಾಲಿನಿಂದ ಸಾಲಿಗೆ ನೀರು ತಿರುಗಿಸುವವನ ಎರಡು ಕೈಯೂ ಗುದ್ದಲಿಗೇ ಬೇಕು, ಬೆಳಕು ಹಿಡಿಯಲು ಇನ್ನೊಬ್ಬರು ಬೇಕು. ರಂಜಿತ ಹೋಗೋಣವೆಂದರೆ ಅತ್ತೆ ದೇವಿರಮ್ಮ ಲಕ್ವ ಹೊಡೆದು ಮಲಗಿದ್ದಾಳೆ, ರಾತ್ರಿ ಮೂರು ಸಲ ಮಗ್ಗುಲು ತಿರುಗಿಸಬೇಕು.

ಹೋದ ವರ್ಷದವರೆಗೆ ಬೆಳಕು ಹಿಡಿಯುತ್ತಿದ್ದವನು ಹಿರಿಮಗ ಸ್ವರೂಪ. ಹನ್ನೊಂದು ವರ್ಷದವನು. ಅವತ್ತು ರಾತ್ರಿಯೂ ಅಪ್ಪನ ಗುದ್ದಲಿ ಎಲ್ಲಿ ಬೀಳುತ್ತದೋ ಅಲ್ಲಿಗೆ, ಅಪ್ಪ ಕಾಲಿಟ್ಟ ಕಡೆಗೆ, ಕೈ ಅಲುಗಿಸದೆ ಬೆಳಕು ಬಿಟ್ಟುಕೊಂಡು ಬದುವಿನ ಮೇಲೆ ನಿಂತಿದ್ದ. ಅವನ ಕಾಲು ಕತ್ತಲಲ್ಲಿತ್ತು. ಹಾವು ಕಚ್ಚಿದ್ದು ಅಲ್ಲೇ. ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗ ತೀರಿಹೋದ.

"ಆರು ವರ್ಸದ ಮಗೀಗಾದ್ರೆ ಇದು ನೋಡಿ ಅಣ್ಣ," ಎಂದು ಅಂಗಡಿಯ ರಘುನಂದನ್ ಮೊಲದ ಮೂತಿಯ ಒಂದು ಸಣ್ಣ ಬ್ಯಾಟರಿ ಹಚ್ಚಿದ. ಗೋಡೆಯ ತುಂಬ ಚುಕ್ಕಿ ಚುಕ್ಕಿ ಬೆಳಕು ಬಿತ್ತು.

"ಇದೇ ಕೊಡಿ," ಎಂದು ರಂಜಿತ ಕೈ ಚಾಚಿದಳು.

"ಅದ್ರಲ್ಲಿ ಬದು ಕಾಣ್ತದಾ?" ಎಂದುಬಿಟ್ಟ ಚಲುವರಾಜು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ರಂಜಿತ ದುರುಗುಟ್ಟಿ ನೋಡಿದಳು. ಅವನು ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಗದ್ದೆಗೆ ಇಳ್ಸಕಿಲ್ಲ ಕಣೆ. ಮೋಟ್ರು ಮನೆ ಕಟ್ಟೆ ಮೇಲೆ ನಿಂತ್ಕಂಡು ಬೆಳಕು ಬುಡ್ತಾಳೆ ಅಷ್ಟೆಯ. ಅದ್ಕೇ ದೂರಕ್ಕೆ ಓಗೋದು ಕೇಳಿದ್ದು."

"ಅವನ್ನೂ ಇಂಗೇ ಏಳಿ ಕರ್ಕಂಡೋಗಿದ್ದು. ಕಟ್ಟೆ ಮೇಲೆ ನಿಲ್ಸಿದ್ದೋನು ಬದೂಗೆ ಎಂಗ್ ಬಂದ?"

ಚಲುವರಾಜು ಕಟುಕನೇನಲ್ಲ. ಮಗನನ್ನು ಮಣ್ಣು ಮಾಡಿ ಬಂದ ಮೇಲೆ ನಾಲ್ಕು ತಿಂಗಳು ಗದ್ದೆಯ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಮಳೆ ಕೈ ಹಿಡಿದಿತ್ತು. ಈಗ ಕಬ್ಬು ಒಣಗುತ್ತಿದೆ, ಅವನಿಗೆ ಬೇರೆ ದಾರಿ ತೋಚಲಿಲ್ಲ.

ಅಷ್ಟರಲ್ಲಿ ಲಿಖಿತ ಮೇಜಿನ ಮೇಲಿದ್ದ ಉದ್ದನೆಯ ಹಳದಿ ಬ್ಯಾಟರಿ ಎತ್ತಿಕೊಂಡಿದ್ದಳು. ಎರಡು ಕೈಯಲ್ಲೂ ಅವುಚಿ ಹಿಡಿದು, ಎರಡು ಹೆಬ್ಬೆಟ್ಟನ್ನೂ ಕೂಡಿಸಿ ಗುಂಡಿ ಒತ್ತಿದಳು. ಹತ್ತಿಕೊಂಡಿತು. ಯಾರೂ ಹೇಳಿಕೊಡದೆ ಬೆಳಕನ್ನು ಅಪ್ಪನ ಕಾಲಿನ ಮೇಲೆ ಬಿಟ್ಟಳು.

"ಅಣ್ಣ ಇಂಗೇ ಅಲ್ವಾ ಅಪ್ಪ ಇಡ್ಕತಿದ್ದಿದ್ದು?"

ರಂಜಿತ ಮುಖ ತಿರುಗಿಸಿಕೊಂಡಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಕರಿಯ ಪಟ್ಟಿ ಕಂಡಿತು, ನಡುವೆ ಒಂದು ದುಂಡನೆಯ ಲೈಟು.

"ಅದೇನಣ್ಣ ಅದು?"

"ತಲೆಗೆ ಕಟ್ಟೋ ಬ್ಯಾಟ್ರಿ ಕಣಕ್ಕ. ಇದಿದ್ರೆ ಇನ್ನೊಬ್ರು ಬೇಕಿಲ್ಲ. ನೀರು ಕಟ್ಟೋರು ಇದ್ನೇ ತಗೊಂಡೋಯ್ತಾರೆ." ರಘುನಂದನ್ ಅದನ್ನು ಇಳಿಸಿ ದೂಳು ಕೊಡವಿದ. ಆಮೇಲೆ ಚಲುವರಾಜುವಿನ ಮುಖವನ್ನೇ ನೋಡಿ ನಕ್ಕ. "ಗುರ್ತು ಸಿಕ್ತು ಬುಡಿ. ಅಣ್ಣಂಗೆ ಓದ್ ವರ್ಸಾನೇ ತೋರ್ಸಿದ್ದೆ. ‘ಅದ್ಯಾಕ್ ಬುಡಪ್ಪ, ಬೆಳಕು ಇಡಿಯಾಕೆ ಮಗ ಅವ್ನಲ್ಲಾ’ ಅಂದ್ರಿ. ನಿಮ್ ಜೊತೆನೇ ಬಂದಿದ್ದ, ಚೂಟಿ ಹುಡ್ಗ. ಚೆನ್ನಾಗವ್ನಾ?"

ಹೊರಗೆ ಒಂದು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಒಂದು ವರ್ಷದಿಂದ ರಂಜಿತ ಹಾವಿಗೆ ಶಾಪ ಹಾಕಿದ್ದಳು, ರಾತ್ರಿ ಕರೆಂಟು ಕೊಡುವವರಿಗೆ ಹಾಕಿದ್ದಳು, ಮನೆದೇವರನ್ನೂ ಬಿಟ್ಟಿರಲಿಲ್ಲ. ಈ ಮೊಳೆಗೆ ನೇತುಬಿದ್ದಿದ್ದ ಪಟ್ಟಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಪಟ್ಟಿಯನ್ನು ರಘುನಂದನನ ಕೈಯಿಂದ ಇಸಿದುಕೊಂಡಳು. ಅಂಗಡಿಯ ನಡುವೆಯೇ ಗಂಡನ ತಲೆಗೆ ಏರಿಸಿದಳು. ಹಿಂದಿನಿಂದ ಎಳೆದು ಬಿಗಿದಳು, ಹಣೆಯ ಚರ್ಮ ಸುಕ್ಕಾಗುವಷ್ಟು. ಅವನು ಬೇಡವೆನ್ನಲಿಲ್ಲ.

"ಇದೊಂದು, ಆ ಮೊಲದ್ದೊಂದು ಕೊಡಿ. ಅಳ್ದಿ ಬ್ಯಾಟ್ರಿ ಒಳಕ್ಕೆ ಇಟ್ಕಳಿ," ಎಂದು ಹೇಳಿ ಗಂಡನ ಹಣೆಯ ಗುಂಡಿ ಒತ್ತಿದಳು.

ಚಲುವರಾಜು ಏನೋ ಹೇಳಲು ಹೆಂಡತಿಯ ಕಡೆ ತಿರುಗಿದ. ಬೆಳಕು ಅವಳ ಕಣ್ಣಿಗೆ ಹೊಡೆಯಿತು, ಆದರೂ ಅವಳು ರೆಪ್ಪೆ ಮಿಟುಕಿಸಲಿಲ್ಲ. ರಘುನಂದನನ ಕಡೆ ತಿರುಗಿದ, ಅವನು ಕೈ ಅಡ್ಡ ಹಿಡಿದ. ಎಲ್ಲಿಯೂ ನೋಡಲಾರದೆ ಕೊನೆಗೆ ತಲೆ ತಗ್ಗಿಸಿದ. ಎದುರಿಗೆ ಲಿಖಿತ ಇನ್ನೂ ಅವನ ಕಾಲಿಗೇ ಬೆಳಕು ಹಿಡಿದು ನಿಂತಿದ್ದಳು. ಅವನ ಹಣೆಯ ಬೆಳಕು ನೀಲಿ ಹವಾಯಿ ಚಪ್ಪಲಿಯೊಳಗಿನ ಅವಳ ಎರಡು ಪುಟ್ಟ ಕಾಲುಗಳ ಮೇಲೆ ಬಿತ್ತು.